ಪುಟ್ಟ ಮೀನಿನ ತೊಟ್ಟಿಗೆ ಯಾವ ಗಿಡ?

ಸಾಂಗ್ಲಿ, ಮಿರಜ ಕಡೆ ಮನೆಯಲ್ಲಿ ಮೀನಿನ ತೊಟ್ಟಿ ಇಟ್ಟಿದ್ದೀರಾ? ಗಿಡ ಆರಿಸುವ ಮೊದಲು ನಮ್ಮ ಬೇಸಿಗೆಯನ್ನು ನೆನಪಿಡಿ. ತಂಪು ನೀರು ಬೇಡುವ ಗಿಡಗಳು ಏಪ್ರಿಲ್-ಮೇ ಬಿಸಿಲಿಗೆ ಕರಗಿಹೋಗುತ್ತವೆ. ನಮ್ಮ ಹೊಳೆ-ಕೆರೆಗಳಲ್ಲೇ ಬೆಳೆಯುವ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ತಾಳಿಕೊಳ್ಳುತ್ತವೆ. ಮಂದ ಬೆಳಕಿಗೆ ಅನುಬಿಯಾಸ್ ಒಳ್ಳೆಯದು. ಆದರೆ ಅದರ ದಪ್ಪ ಕಾಂಡವನ್ನು ಮರಳಲ್ಲಿ ಹೂಳಬೇಡಿ, ಕೊಳೆಯುತ್ತದೆ. ದಾರದಿಂದ ಕಲ್ಲಿಗೆ ಕಟ್ಟಿ. ಹೊಸ ಗಿಡದ ಎಲೆ ಉದುರಿದರೆ ಗಾಬರಿ ಬೇಡ. ಎಷ್ಟೋ ಗಿಡಗಳನ್ನು ನರ್ಸರಿಯಲ್ಲಿ ನೀರಿನ ಹೊರಗೆ ಬೆಳೆಸಿರುತ್ತಾರೆ. ಬೇರು ಗಟ್ಟಿಯಿದ್ದರೆ ನೀರಿಗೆ ಒಗ್ಗುವ ಹೊಸ ಎಲೆ ಚಿಗುರುತ್ತದೆ. ದೀಪ ದಿನಕ್ಕೆ 6ರಿಂದ 8 ತಾಸು ಸಾಕು, ಹೆಚ್ಚಾದರೆ ಪಾಚಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ನಳದ ನೀರಿನ ಕ್ಲೋರಿನ್ ಹೋಗಿಸಿಯೇ ಹಾಕಿ. ಕತ್ತರಿಸಿದ ತುಂಡುಗಳನ್ನು ದಯವಿಟ್ಟು ಕೃಷ್ಣಾ ನದಿಗೆ ಎಸೆಯಬೇಡಿ, ಅಲ್ಲಿ ಬೇರೂರಿ ಹಬ್ಬಬಹುದು. ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರಕ್ಕೆ ಹಾಕಿ.