ರ‍್ಯಾಂಪ್ ದಾಟಿದ ಮೇಲೆ ಒಂದು ಖೋಲಿ ಬೇಕು

ಶಿಕ್ಷಕ ಬಂಧುಗಳೇ, ನಿಮ್ಮ ವರ್ಗದ ಹಾಜರಿ ಪುಸ್ತಕ ಒಮ್ಮೆ ತೆರೆದು ನೋಡಿ. ಹೆಸರು ಇದೆ, ಮಗು ಬರೋದಿಲ್ಲ. ಬಂದರೂ ಊಟದ ಬಿಡುವಿಗೆ ತಾಯಿ ಬಂದು ಕರೆದುಕೊಂಡು ಹೋಗ್ತಾರೆ. ಅಂಥ ಒಂದು ಹೆಸರಿದ್ದರೆ ಕಾರಣ ಕೇಳಿ. ಎಷ್ಟೋ ಸಲ ಅಡಚಣಿ ಪಾಠದ್ದಲ್ಲ, ಸಂಡಾಸದ್ದು.

ಜತ್ತ ತಾಲೂಕಿನ ಶಾಲೆ ಇರಲಿ, ಗಡಿಯಾಚೆಯದಿರಲಿ, ದಿವ್ಯಾಂಗ ಮಕ್ಕಳ ಸೌಲಭ್ಯ ಅಂದರೆ ನಮ್ಮ ಕಣ್ಣ ಮುಂದೆ ಬರೋದು ಒಂದು ರ‍್ಯಾಂಪ್, ಹಿಡಿಕೆ ಹಾಕಿದ ಒಂದು ಕಮೋಡ್. ಕೈಗಳಲ್ಲಿ ಬಲವಿರುವ ಮಗುವಿಗೆ ಅಷ್ಟು ಸಾಕಾಗಬಹುದು. ಆದರೆ ತೀವ್ರ ಸೆರೆಬ್ರಲ್ ಪಾಲ್ಸಿಯಿಂದ ಕುಳಿತುಕೊಳ್ಳಲೂ ಆಗದ, ಡೈಪರ್ ಹಾಕಿಕೊಂಡೇ ಬರುವ ಮಗುವನ್ನು ಎಲ್ಲಿ ಮಲಗಿಸಿ ಬದಲಿಸಬೇಕು? ಒದ್ದೆ ಫರಸಿಯ ಮೇಲೆ, ಇಲ್ಲವೇ ಆಫೀಸಿನ ಮೂಲೆಯಲ್ಲಿ ಸೀರೆ ಅಡ್ಡ ಹಿಡಿದು. ಹತ್ತು ವರ್ಷದ ಹುಡುಗಿಗೆ ಇದು ಹೇಗಾಗುತ್ತದೆ, ನೀವೇ ವಿಚಾರ ಮಾಡಿ.

ಬದಲಿಸದೆ ಸಂಜೆ ಐದರ ತನಕ ಬಿಟ್ಟರೆ? ಆರೋಗ್ಯವಂತ ಚರ್ಮ ಸ್ವಲ್ಪ ಆಮ್ಲೀಯ. ಅದೇ ಅದರ ಕಾವಲು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟಿ ಆ ಕಾವಲು ಕೆಡುತ್ತದೆ, ನೆನೆದ ಚರ್ಮ ಸುಲಿಯುತ್ತದೆ. ಸ್ಪೈನಾ ಬೈಫಿಡಾ ಇರುವ ಮಗುವಿಗೆ ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದಿರಬಹುದು. ಹುಣ್ಣಾದದ್ದು ಅದಕ್ಕೆ ಗೊತ್ತೇ ಆಗೋದಿಲ್ಲ. ಇಂಥ ಕೆಲವು ಮಕ್ಕಳಿಗೆ ಮೂರು-ನಾಲ್ಕು ತಾಸಿಗೊಮ್ಮೆ ಸಣ್ಣ ನಳಿಕೆಯಿಂದ ಮೂತ್ರ ತೆಗೆಯಬೇಕು. ಜಾಗ ಇಲ್ಲವೆಂದು ಮನೆಯವರು ಬೆಳಗಿನಿಂದಲೇ ನೀರು ಕಡಿಮೆ ಕುಡಿಸ್ತಾರೆ. ಅದರಿಂದ ಮಲಬದ್ಧತೆ, ಮೂತ್ರದ ಸೋಂಕು. ನಮ್ಮ ಕಡೆಯ ಬ್ಯಾಸಗಿಯಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಎತ್ತುವವರ ಬೆನ್ನು. ಇದನ್ನು ಸನ್ನೆಯ ಪಾಠಕ್ಕೂ ಬಳಸಬಹುದು. 25 ಕಿಲೋ ಮಗುವಿನ ಭಾರ ಸುಮಾರು 250 ನ್ಯೂಟನ್. ಬಾಗಿ ಎತ್ತುವಾಗ ಅದು ಬೆನ್ನೆಲುಬಿನಿಂದ 40 ಸೆಂ.ಮೀ. ಮುಂದಿದೆ ಅನ್ನಿ. ಎಳೆಯುವ ಬೆನ್ನಿನ ಸ್ನಾಯು ಇರೋದು ಸುಮಾರು 5 ಸೆಂ.ಮೀ. ಹಿಂದೆ. ಅಂದರೆ ಎಂಟು ಪಟ್ಟು, 2000 ನ್ಯೂಟನ್. ಬಾಗಿದ ಮೈಭಾರ ಬೇರೆ. ದಿನಕ್ಕೆರಡು ಸಲ ನೆಲದಿಂದ ಎತ್ತುವ ತಾಯಿಯ ಸೊಂಟ ಎಷ್ಟು ವರ್ಷ ತಾಳೀತು?

ಬ್ರಿಟನ್ನಿನಲ್ಲಿ 2006ರಲ್ಲಿ ‘ಚೇಂಜಿಂಗ್ ಪ್ಲೇಸಸ್’ ಎಂಬ ಚಳವಳಿ ಶುರುವಾದದ್ದು ಇದೇ ಕಾರಣಕ್ಕೆ. ಅಲ್ಲಿ ಅವರು ಕೇಳೋದು 12 ಚದರ ಮೀಟರಿನ ಖೋಲಿ, ಏರಿಸಿ ಇಳಿಸುವ ಮಂಚ, ಎತ್ತುವ ಯಂತ್ರ. ನಮಗೆ ಯಂತ್ರ ಸಿಗಲಿಕ್ಕಿಲ್ಲ, ಆದರೆ ಅಳತೆಯ ವಿಚಾರ ತಗೋಬಹುದು. 10 ಫೂಟ ಅಗಲ, 8 ಫೂಟ ಉದ್ದದ ಖೋಲಿ ಹಿಡಿಯಿರಿ. ಒಂದು ಗೋಡೆಗೆ ಎರಡೂವರೆ ಫೂಟ ಅಗಲದ, ಆರು ಫೂಟ ಉದ್ದದ ಗಟ್ಟಿ ಮಂಚ. ಎದುರು ಗೋಡೆಗೆ ಕಮೋಡ್. ನಡುವೆ ಐದು ಫೂಟ ಉಳಿಯುತ್ತದೆ. ಗಾಲಿ ಕುರ್ಚಿ ಪೂರ್ತಿ ತಿರುಗಲು ಬೇಕಾದದ್ದು 150 ಸೆಂ.ಮೀ., ಅಂದರೆ ಹೆಚ್ಚು ಕಡಿಮೆ ಅಷ್ಟೇ. ಬಾಗಿಲ ದಾರಿ ಚೊಕ್ಕ 90 ಸೆಂ.ಮೀ. ಬಾಗಿಲ ಹೊರಗೆ ತೆರೆಯಬೇಕು. ಒಳಗೆ ತೆರೆದರೆ, ಮಗು ಅದಕ್ಕೆ ಅಡ್ಡಬಿದ್ದಾಗ ಬಿಡಿಸೋದು ಹೇಗೆ?

ಮಂಚದ ಎತ್ತರದಲ್ಲಿ ಮಾತ್ರ ಒಂದು ಪೇಚು ಇದೆ. ಬದಲಿಸುವವರ ಸೊಂಟಕ್ಕೆ 75-80 ಸೆಂ.ಮೀ. ಹಿತ, ಆದರೆ ಕುರ್ಚಿಯಿಂದ ಜಾರಿಸಿ ಮಲಗಿಸಲು ಕುರ್ಚಿಯಷ್ಟೇ, ಅಂದಾಜು 50 ಸೆಂ.ಮೀ. ಇರಬೇಕು. ಏರಿಳಿಯುವ ಮಂಚ ಇಲ್ಲದಲ್ಲಿ ನನ್ನ ಅಭಿಪ್ರಾಯ: ಸಣ್ಣ ಮಕ್ಕಳಿದ್ದರೆ ಎತ್ತರದ್ದು, ದೊಡ್ಡ ಮಕ್ಕಳಿದ್ದರೆ ತಗ್ಗಿನದು, ತಗ್ಗಿನದಾದರೆ ಬದಲಿಸುವವರಿಗೆ ಒಂದು ಸ್ಟೂಲ್ ಇಡಿ. ಹೇಗೂ ಎತ್ತುವಾಗ ಇಬ್ಬರು ಇರಲಿ, ಮುಟ್ಟುವ ಮೊದಲು ಮಗುವಿಗೆ ಹೇಳಲಿ. ಹುಡುಗಿಯರಿಗೆ ಹೆಂಗಸರೇ ಬೇಕು. ಮುಟ್ಟಿನ ದಿನಗಳಲ್ಲಿ ಇದೇ ಖೋಲಿ ಅವರನ್ನು ಶಾಲೆಯಲ್ಲಿ ಉಳಿಸುತ್ತದೆ.

ನೀರು? ಟ್ಯಾಂಕರ್ ಕಾಯುವ ಊರಿನಲ್ಲಿ ನಳ ಹಾಕಿದರೆ ಕೆಲಸ ಮುಗಿಯಲಿಲ್ಲ. ಈ ಖೋಲಿಗೆಂದೇ ಮುಚ್ಚಳದ ಒಂದು ಬೇರೆ ಡ್ರಮ್ ಇಡಿ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ತಣ್ಣೀರು ಥಟ್ಟನೆ ತಾಗಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ, ಕಾಲು ಬಿಡಿಸೋದೇ ಕಷ್ಟ. ಚಳಿಗಾಲದಲ್ಲಿ ಕರಿ ಕೊಡವೊಂದನ್ನು ಬಿಸಿಲಿಗೆ ಇಟ್ಟರೆ ಮಧ್ಯಾಹ್ನಕ್ಕೆ ಬೆಚ್ಚಗಾಗಿರುತ್ತದೆ. ಹಾಕುವ ಮೊದಲು ಕೈ ಅದ್ದಿ ನೋಡಿ.

ಶಾಲಾ ವ್ಯವಸ್ಥಾಪನಾ ಸಮಿತಿಯಲ್ಲಿ ‘ಒಂದು ಮಗುವಿಗೆ ಇಷ್ಟು ಖರ್ಚೇ?’ ಅನ್ನುವವರು ಇದ್ದೇ ಇರ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪರಿಶಿಷ್ಟ ಶಾಲೆಗೆ ಅಡೆತಡೆ ಇಲ್ಲದ ಪ್ರವೇಶ ಕೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಮು ಇನ್ನೂ ಮುಂದೆ ಹೋಗಿ, ಕಟ್ಟಡ, ಆವರಣ, ಸೌಲಭ್ಯ ಎಲ್ಲವೂ ಮಗುವಿಗೆ ಎಟುಕುವಂತಿರಬೇಕು ಅನ್ನುತ್ತದೆ. ಠರಾವಿನಲ್ಲಿ ಈ ಎರಡನ್ನೂ ಬರೆಸಿ.

ಗವಂಡಿಗೆ ಹೇಳುವ ಮೊದಲು ಒಂದು ಕೆಲಸ ಮಾಡಿ. ಮೈದಾನದಲ್ಲಿ ಸುಣ್ಣದಿಂದ 10×8 ಫೂಟ ಗೆರೆ ಎಳೆದು, ಮಂಚದ ಜಾಗದಲ್ಲಿ ಬೆಂಚು ಇಟ್ಟು, ಆ ಮಗುವನ್ನೂ ತಾಯಿಯನ್ನೂ ಕರೆಯಿರಿ. ಕುರ್ಚಿ ಎಲ್ಲಿ ತಗಲುತ್ತದೆ, ಕೈ ಎಲ್ಲಿ ಎಟುಕೋದಿಲ್ಲ ಅಂತ ಅವರೇ ತೋರಿಸ್ತಾರೆ. ಸುಣ್ಣದ ಗೆರೆ ಅಳಿಸಿ ಮತ್ತೆ ಎಳೆಯಲು ಖರ್ಚೇನೂ ಇಲ್ಲ.