ನಿಮಗಿದು ಗೊತ್ತೇ? ಕ್ಯಾಮೆರಾ ಮುಟ್ಟದ ಫೋಟೋಗೂ ಬಹುಮಾನ!

ಫೋಟೋ ಸ್ಪರ್ಧೆ ಗೆಲ್ಲೋಕೆ ಕ್ಯಾಮೆರಾ ಬೇಕು ಅಂದುಕೊಂಡಿದ್ದೀರಾ? 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸನ್ ಅವರ ಕಪ್ಪು-ಬಿಳುಪು ಚಿತ್ರಕ್ಕೆ ಸೋನಿ ವರ್ಲ್ಡ್ ಫೋಟೋಗ್ರಫಿ ಸ್ಪರ್ಧೆಯ ಒಂದು ವಿಭಾಗದಲ್ಲಿ ಬಹುಮಾನ ಬಂತು. ಚಿತ್ರದಲ್ಲಿ ಇಬ್ಬರು ಹೆಂಗಸರು. ಇಬ್ಬರೂ ಈ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ! ಅದು ಎಐ ಸೃಷ್ಟಿ. ಎಲ್ಡಾಗ್ಸನ್ ತಾವೇ ಬಹುಮಾನ ಬೇಡ ಎಂದುಬಿಟ್ಟರು.

ಮರುವರ್ಷ ಇದರ ಉಲ್ಟಾ! ಇನ್ನೊಂದು ಸ್ಪರ್ಧೆಯ ಎಐ ವಿಭಾಗಕ್ಕೆ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ಒಂದು ಫ್ಲೆಮಿಂಗೊ ಚಿತ್ರ ಕಳಿಸಿದರು. ಹಕ್ಕಿಗೆ ತಲೆಯೇ ಇಲ್ಲ! ತೀರ್ಪುಗಾರರು ಮೆಚ್ಚಿ ಮೂರನೇ ಬಹುಮಾನ ಕೊಟ್ಟರು. ಪಾಪ, ಹಕ್ಕಿ ಹೊಟ್ಟೆ ಕೆರೆದುಕೊಳ್ಳುತ್ತಿತ್ತು, ಅಷ್ಟೇ. ಗುಟ್ಟು ರಟ್ಟಾಯಿತು, ಬಹುಮಾನ ಹೋಯಿತು. ತಪ್ಪೇನು? ಫೋಟೋ ಅಸಲಿ!

ಒಂದು ಸುಳ್ಳು ಚಿತ್ರ ಷೇರುಪೇಟೆಯನ್ನೇ ಅಲುಗಾಡಿಸಬಲ್ಲದೇ? ಅಲುಗಾಡಿಸಿತಲ್ಲ! 2023ರ ಮೇ 22ರಂದು ಅಮೆರಿಕದ ರಕ್ಷಣಾ ಕಚೇರಿ ಪೆಂಟಗನ್ ಬಳಿ ಸ್ಫೋಟ ಎಂಬ ಚಿತ್ರ ಹರಿದಾಡಿತು. ಕೆಲವೇ ನಿಮಿಷ, ಷೇರು ಸೂಚ್ಯಂಕ ಜಾರಿತು. ಕಣ್ಣರಳಿಸಿ ನೋಡಿದವರಿಗೆ ಕಂಡದ್ದೇನು? ಬೇಲಿಯೂ ಬ್ಯಾರಿಕೇಡೂ ಮೇಣದಂತೆ ಒಂದರೊಳಗೊಂದು ಕರಗಿದ್ದವು!

ಅದೇ ತಿಂಗಳು ನಮ್ಮ ದೆಹಲಿಯಲ್ಲಿ ಇನ್ನೊಂದು. ಪ್ರತಿಭಟನೆಗಿಳಿದವರನ್ನು ಪೊಲೀಸರು ಕರೆದೊಯ್ಯುತ್ತಿದ್ದಾಗ ತೆಗೆದ, ಕುಸ್ತಿಪಟುಗಳಾದ ವಿನೇಶ್ ಮತ್ತು ಸಂಗೀತಾ ಫೋಗಟ್ ಇದ್ದ ಸೆಲ್ಫಿ. ಅಸಲಿ ಚಿತ್ರದಲ್ಲಿ ಮುಖ ಗಂಭೀರ. ವೈರಲ್ ಆದದ್ದರಲ್ಲಿ ನಗುವೋ ನಗು! ಆ ನಗು ಆ್ಯಪ್ ಅಂಟಿಸಿದ್ದು.

ಈಗ ಕೇಳಿ ಮಜಾ! ಹೆಸರಾಂತ ಮ್ಯಾಗ್ನಮ್ ಫೋಟೋ ಸಂಸ್ಥೆಯ ಯೋನಾಸ್ ಬೆಂಡಿಕ್ಸನ್ 2021ರಲ್ಲಿ ಒಂದು ಫೋಟೋ ಪುಸ್ತಕ ತಂದರು. ವಿಷಯ, ಸುಳ್ಳು ಸುದ್ದಿಗೆ ಹೆಸರಾದ ಉತ್ತರ ಮ್ಯಾಸಿಡೋನಿಯಾದ ವೆಲೆಸ್ ಪಟ್ಟಣ. ಊರು ನಿಜ. ಜನ, ಕರಡಿಗಳೆಲ್ಲ ಕಂಪ್ಯೂಟರ್ ಗೊಂಬೆಗಳು! ಬರಹ ಎಐನದ್ದು. ಫ್ರಾನ್ಸ್‌ನ ಫೋಟೋ ಪತ್ರಿಕೋದ್ಯಮ ಉತ್ಸವದಲ್ಲಿ ಪ್ರದರ್ಶನವಾದರೂ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ. ಕಾದು ಕಾದು ಸಾಕಾಗಿ, ನಕಲಿ ಖಾತೆ ತೆರೆದು ತಮ್ಮ ಮೇಲೆ ತಾವೇ ದೂರು ಹೇಳಿಕೊಂಡರು!

ಸುಳ್ಳನ್ನು ನಿಜ ಎಂದದ್ದಾಯಿತು. ನಿಜವನ್ನೇ ಸುಳ್ಳು ಎಂದರೆ? 2024ರ ಆಗಸ್ಟ್‌ನಲ್ಲಿ ಅಮೆರಿಕದ ಕಮಲಾ ಹ್ಯಾರಿಸ್ ಅವರ ಡೆಟ್ರಾಯಿಟ್ ಚುನಾವಣಾ ಸಭೆಗೆ ಸಾವಿರಾರು ಜನ ಬಂದಿದ್ದರು. ಅದು ಎಐ ಜನಸಾಗರ, ಅಲ್ಲಿ ಯಾರೂ ಇರಲೇ ಇಲ್ಲ ಎಂದರು ಎದುರಾಳಿ ಟ್ರಂಪ್. ಪತ್ರಕರ್ತರು ಕಣ್ಣಾರೆ ಕಂಡ, ಕ್ಯಾಮೆರಾಗಳು ಸೆರೆಹಿಡಿದ ಸಭೆ ಅದು!

ಎಲ್ಲಾ ಎಐ ತಂದ ತಲೆನೋವು ಅನ್ನಬೇಡಿ. 1840ರಲ್ಲೇ ಫ್ರಾನ್ಸ್‌ನ ಇಪ್ಪೊಲಿಟ್ ಬಯಾರ್ ತಾನು ನೀರಿಗೆ ಬಿದ್ದು ಸತ್ತಂತೆ ಫೋಟೋ ತೆಗೆದುಕೊಂಡಿದ್ದ. ಸತ್ತವನೇ ಫೋಟೋಗ್ರಾಫರ್!

ಮದ್ದಿಲ್ಲವೇ? ಇದೆ. 2023ರಲ್ಲಿ ಬಂದ ಲೈಕಾ ಎಂ11-ಪಿ ಕ್ಯಾಮೆರಾ, ಕ್ಲಿಕ್ಕಿಸಿದ ಕ್ಷಣವೇ ಚಿತ್ರಕ್ಕೆ ಡಿಜಿಟಲ್ ಮೊಹರು ಒತ್ತುತ್ತದೆ. ಆಮೇಲೆ ಗುಟ್ಟಾಗಿ ತಿದ್ದಿದರೆ ಮೊಹರು ಚಾಡಿ ಹೇಳುತ್ತದೆ!

ಅಂಥ ಕ್ಯಾಮೆರಾ ನಮ್ಮಲ್ಲಿಲ್ಲ ಎಂದು ಬೇಸರವೇ? ಬೇಡ. ವಾಟ್ಸ್ಆ್ಯಪ್ ಹುಟ್ಟುವ ಎಷ್ಟೋ ಮೊದಲೇ ನಮ್ಮ ಹಿರಿಯರು ಗಾದೆ ಕಟ್ಟಿಟ್ಟಿದ್ದಾರೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಫಾರ್ವರ್ಡ್ ಒತ್ತುವ ಮುಂಚೆ ಒಮ್ಮೆ ನೆನಪಿಸಿಕೊಳ್ಳಿ!