ಮುತ್ತಮ್ಮ ಸಹಿ ಹಾಕಿದ ಕಾಗದ

ಕಿರಿಯ ಮಿತ್ರರೇ, ನಿಮ್ಮಲ್ಲಿ ಕೆಲವರು ಯುಪಿಎಸ್‌ಸಿ ಪರೀಕ್ಷೆಗೆ ಓದುತ್ತಿದ್ದೀರಿ. ಸರ್ಕಾರಿ ಹುದ್ದೆಗಳಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೆಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಯಾವ ಷರತ್ತಿನ ಮೇಲೆ ಒಳಗೆ ಬಿಟ್ಟರು ಎಂದು ಕೇಳುವವರು ಕಡಿಮೆ. ಅದಕ್ಕೇ ಸಿ.ಬಿ. ಮುತ್ತಮ್ಮನವರ ವಿಷಯ ನಿಮಗೆ ಹೇಳಬೇಕೆನಿಸಿತು.

ಅವರು ಹುಟ್ಟಿದ್ದು 1924ರಲ್ಲಿ, ಕೊಡಗಿನ ವಿರಾಜಪೇಟೆಯಲ್ಲಿ. ಓದಿದ್ದು ನಾವಿರುವ ಇದೇ ಚೆನ್ನೈನಲ್ಲಿ. ಮೊದಲು ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜು, ಆಮೇಲೆ ಪ್ರೆಸಿಡೆನ್ಸಿಯಲ್ಲಿ ಇಂಗ್ಲಿಷ್ ಎಂ.ಎ. (ನನ್ನದೂ ಇಂಗ್ಲಿಷೇ, ಬರೀ ಬಿ.ಎ.; ಹೋಲಿಕೆ ಅಲ್ಲಿಗೆ ಮುಗಿಯಿತು!) 1948ರಲ್ಲಿ ಪರೀಕ್ಷೆ ಪಾಸು ಮಾಡಿ, 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು. ಸೇರುವಾಗ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು: ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು.

ಸಂವಿಧಾನ ಬಂತು, ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶವೆಂದು 16ನೇ ವಿಧಿ ಸಾರಿತು. ಆದರೂ 1961ರ ನಿಯಮಗಳನ್ನು ನೋಡಿ. ಈ ಸೇವೆಯ ಹೆಣ್ಣು ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಸಂಸಾರದಿಂದ ಕೆಲಸ ಕೆಡುತ್ತದೆಂದು ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೇಳಬಹುದು. ಮದುವೆಯಾದವಳಿಗಂತೂ ನೇಮಕದ ಹಕ್ಕೇ ಇಲ್ಲ. ಮೂವತ್ತು ವರ್ಷ ಮನೆವಾರ್ತೆ ನೋಡಿದ ನನಗೆ ಇದನ್ನು ಓದಿ ನಗು ಬಂತು. ಗಂಡಸಿಗೆ ಸಂಸಾರವೇ ಇಲ್ಲವೇನು?

ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಆದರೂ ಮೇಲಿನ ದರ್ಜೆಯ ಬಡ್ತಿ ಬಂದಾಗ ಅವರನ್ನು ಬಿಟ್ಟರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು! ಹೀಗಾಗಿ 1979ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಕಾಗದದ ಮೇಲೆ ಸೋಲೇ ಅನ್ನಿ. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನಿರಲಿಲ್ಲ. ಸಂಸಾರದ ಹೊರೆ ಹೆಣ್ಣಿಗೆ ಅಡ್ಡಿಯಾದರೆ ಗಂಡಿಗೂ ಆಗಬಹುದಲ್ಲ ಎಂದು ಕೇಳಿ, ತಾರತಮ್ಯದ ನಿಯಮಗಳನ್ನೆಲ್ಲ ಪರಿಶೀಲಿಸಿ ಕಿತ್ತುಹಾಕಿ ಎಂದು ಸರ್ಕಾರಕ್ಕೆ ಖಾರವಾಗಿಯೇ ಹೇಳಿದರು. ಆ ಎರಡು ನಿಯಮಗಳೂ ಹೋದವು.

ಇಂದು ಸಂದರ್ಶನದಲ್ಲಿ ಅಂಥ ಕಾಗದವನ್ನು ಯಾರೂ ನಿಮ್ಮ ಮುಂದೆ ಇಡುವುದಿಲ್ಲ. ಆದರೂ ನೇಮಕಾತಿ ಪತ್ರ ಕೈಗೆ ಬಂದಾಗ ಸಂಬಳದ ಸಾಲಿನ ಕೆಳಗಿರುವುದನ್ನೂ ಓದಿ. ಗಂಡುಮಕ್ಕಳೇ, ನೀವೂ ಓದಿ. ಪಕ್ಕದ ಕುರ್ಚಿಯವಳಿಗೆ ಬೇರೆ ಪತ್ರ ಬಂದಿದೆಯೇ ಎಂದು ಕೇಳಿ.

ಚೋಕಿಲಾ ಅಯ್ಯರ್ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದದ್ದು 2001ರಲ್ಲಿ. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ನಿರುಪಮಾ ರಾವ್ ಅದೇ ಕುರ್ಚಿಗೆ ಬಂದದ್ದು 2009ರ ಆಗಸ್ಟ್‌ನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಮುತ್ತಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. ಇಬ್ಬರನ್ನೂ ಅವರು ಕಂಡೇ ಹೋದರು.